ನಖೋನ್ ಸವನ್‌ನಲ್ಲಿ ಇಂಗ್ಲಿಷ್ ಪಾಠ, ತಿಪಟೂರಿಗೆ ಉಳಿತಾಯ

ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೀನಿ ಅಂದ ತಕ್ಷಣ ಎಲ್ಲರೂ ಕೇಳುವುದು, "ತಿಂಗಳಿಗೆ ಎಷ್ಟು ಕೊಡ್ತಾರೆ?" ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ. ವರ್ಷಕ್ಕೆ ಎಷ್ಟು ತಿಂಗಳು ಕೊಡ್ತಾರೆ? ಅಲ್ಲಿ ನನ್ನ ಕೈಯಲ್ಲಿ ದುಡ್ಡು ಉಳಿದದ್ದು, ಉಳಿಯದೇ ಹೋದದ್ದು, ಎರಡಕ್ಕೂ ಮುಖ್ಯ ಕಾರಣ ಇದೇ.

ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಎಂ.ಎ. ಇಂಗ್ಲಿಷ್, ಆಮೇಲೆ ಬಿ.ಎಡ್. ಮಾಡಿ ತುಮಕೂರಿನ ಒಂದು ಖಾಸಗಿ ಹೈಸ್ಕೂಲಿಗೆ ಸೇರಿದ್ದೆ. ಸಂಬಳ ಹದಿನೆಂಟು ಸಾವಿರ. ಪಿ.ಜಿ. ಬಾಡಿಗೆ, ಊಟ, ಬಸ್ಸು ಎಲ್ಲ ಕಳೆದರೆ ತಿಂಗಳಿಗೆ ನಾಲ್ಕೈದು ಸಾವಿರ ಮನೆಗೆ ಕೊಡಲು ಆಗುತ್ತಿತ್ತು. ಮನೆಯಲ್ಲಿ ಇದ್ದದ್ದು ಬೋರ್‌ವೆಲ್ ಸಾಲ. ಮೊದಲು ಕೊರೆಸಿದ್ದರಲ್ಲಿ ನೀರು ಬರಲಿಲ್ಲ. ತೆಂಗಿನ ತೋಟ ಒಣಗುತ್ತಿತ್ತು, ಇನ್ನೊಂದು ಕೊರೆಸಲೇಬೇಕಾಯಿತು. ಅದಕ್ಕೆ ಅಮ್ಮನ ಅವಲಕ್ಕಿ ಸರ, ಬಳೆ ಎಲ್ಲ ಬ್ಯಾಂಕಿಗೆ ಹೋದವು. ಅದರ ಮೇಲೆ ಸೊಸೈಟಿ ಸಾಲ. ಒಟ್ಟು ನಾಲ್ಕು ಲಕ್ಷದ ಹತ್ತಿರ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಒಡವೆ ಸಾಲ ರಿನ್ಯೂ ಮಾಡಿಸುತ್ತಿದ್ದೆವು. ಅಸಲು ಹಾಗೇ ಇರುತ್ತಿತ್ತು.

ಹೊರದೇಶದಲ್ಲಿ ಪಾಠ ಮಾಡಬಹುದು ಅಂತ ಗೊತ್ತಾದ ಮೇಲೆ ಮೊದಲು ನೋಡಿದ್ದು ದಕ್ಷಿಣ ಕೊರಿಯಾ. ಉಳಿತಾಯಕ್ಕೆ ಅದೇ ಹೆಸರುವಾಸಿ. ಸಂಬಳ ಜಾಸ್ತಿ, ಇರಲು ಮನೆಯನ್ನೂ ಕೊಡುತ್ತಾರೆ. ಆದರೆ ಅಲ್ಲಿನ ಇಂಗ್ಲಿಷ್ ಟೀಚರ್ ವೀಸಾ ಇ-2 ಸಾಮಾನ್ಯವಾಗಿ ಏಳು ದೇಶದವರಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತದ ಜೊತೆ 2010ರಲ್ಲಿ ಜಾರಿಗೆ ಬಂದ ಆರ್ಥಿಕ ಒಪ್ಪಂದದಿಂದ ನಮಗೂ ಒಂದು ಸಣ್ಣ ಬಾಗಿಲು ಇದೆ. ಶಿಕ್ಷಕ ತರಬೇತಿ ಇರುವ ಭಾರತೀಯರು ಅಲ್ಲಿನ ಸರ್ಕಾರಿ ಶಾಲೆಗಳಿಗೆ ಅರ್ಜಿ ಹಾಕಬಹುದು. ಆದರೆ ಆ ದಾರಿಯಲ್ಲಿ ಹೋಗಿ ಕೆಲಸ ಸಿಕ್ಕವರು ನನಗೆ ಒಬ್ಬರೂ ಸಿಗಲಿಲ್ಲ. ಥಾಯ್ಲೆಂಡಿನಲ್ಲಿ ಅಂಥ ದೇಶಗಳ ಪಟ್ಟಿ ಇಲ್ಲ. ಅಲ್ಲಿನ ಶಾಲೆಗಳಲ್ಲಿ ಫಿಲಿಪೀನ್ಸ್ ಟೀಚರುಗಳು ತುಂಬ ಇದ್ದಾರೆ. ಅವರಿಗೆ ಕೆಲಸ ಸಿಗುತ್ತದೆ ಅಂದರೆ ನಮಗೂ ಸಿಗಬಹುದು ಅನ್ನಿಸಿತು.

ಬಾಗಿಲು ತೆರೆದಿದ್ದರೂ ಒಳಗೆ ಎಲ್ಲರಿಗೂ ಒಂದೇ ದರ ಇಲ್ಲ. ಎಷ್ಟೋ ಜಾಹೀರಾತುಗಳಲ್ಲಿ "ನೇಟಿವ್ ಸ್ಪೀಕರ್ ಮಾತ್ರ" ಅಂತಲೇ ಬರೆದಿರುತ್ತದೆ. ಅಂದರೆ ಇಂಗ್ಲಿಷ್ ತಾಯ್ನುಡಿಯಾಗಿರುವ ದೇಶದವರು. ನನ್ನ ಮೊದಲ ಶಾಲೆಯಲ್ಲಿ ಬ್ರಿಟನ್ನಿನಿಂದ ಬಂದ ಹುಡುಗನಿಗೆ 38,000 ಬಾತ್ ಇತ್ತು. ಬಾತ್ ಅಂದರೆ ಥಾಯ್ ಹಣ, ಆಗ ಒಂದು ಬಾತ್‌ಗೆ ಸುಮಾರು ಎರಡು ರೂಪಾಯಿ ನಲವತ್ತು ಪೈಸೆ. ಅವನಿಗೆ ಶಿಕ್ಷಕ ತರಬೇತಿ ಇರಲಿಲ್ಲ. ಪಕ್ಕದ ತರಗತಿಯಲ್ಲಿ ಅಷ್ಟೇ ಪೀರಿಯಡ್ ತೆಗೆದುಕೊಳ್ಳುತ್ತಿದ್ದ ನನಗೆ 23,000. ಇದು ಅನ್ಯಾಯ ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮಕ್ಕಳಿಗೆ ಬೇಕಾದದ್ದು ಪಾಠ ಮಾಡಲು ಬರುವವರು, ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದಲ್ಲ. ಆದರೂ ಅಲ್ಲಿಗೆ ಹೊರಡುವವರು ತಮ್ಮ ಲೆಕ್ಕವನ್ನು ಆ 38,000ದ ಮೇಲೆ ಹಾಕಬಾರದು. ಅಂತರ್ಜಾಲದಲ್ಲಿ ಸಿಗುವ "ಏಷ್ಯಾದಲ್ಲಿ ಪಾಠ ಮಾಡಿ ಉಳಿಸಿದೆ" ಅನ್ನುವ ಹೆಚ್ಚಿನ ಕಥೆಗಳು ಆ ಸಂಬಳದವರದ್ದು. ನಮ್ಮ ಲೆಕ್ಕ 18,000ದಿಂದ 28,000 ಬಾತ್ ನಡುವೆ ಶುರುವಾಗುತ್ತದೆ.

ನಮಗೆ ಕೈ ಹಿಡಿಯುವುದು ಬಿ.ಎಡ್. ಅಲ್ಲಿ ಶಿಕ್ಷಕರ ಲೈಸೆನ್ಸ್ ನೋಡಿಕೊಳ್ಳುವ ಮಂಡಳಿಗೆ ಖುರುಸಫಾ ಅನ್ನುತ್ತಾರೆ. ಬೇರೆ ಪದವಿ ಇರುವವರಿಗೆ ಅದು ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡುತ್ತದೆ. ಅದನ್ನು ಮತ್ತೆ ಮತ್ತೆ ನವೀಕರಿಸುವುದು ಸುಲಭ ಅಲ್ಲ. ಶಿಕ್ಷಣದಲ್ಲೇ ಪದವಿ ಇದ್ದರೆ ಲೈಸೆನ್ಸ್ ದಾರಿ ಹಗುರ. ಹಾಗಾಗಿ ಎರಡು ವರ್ಷಕ್ಕಿಂತ ಜಾಸ್ತಿ ಇರುವ ಯೋಚನೆ ಇದ್ದರೆ ನಮ್ಮ ಊರಿನ ಬಿ.ಎಡ್. ಪ್ರಮಾಣಪತ್ರ ಟೆಫಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸಿಗಿಂತ ಎಷ್ಟೋ ಬೆಲೆಯದ್ದು. ಇದರ ಜೊತೆ ಟೋಯಿಕ್ ಅನ್ನುವ ಇಂಗ್ಲಿಷ್ ಜ್ಞಾನದ ಪರೀಕ್ಷೆ. 990ಕ್ಕೆ 600 ಅಂಕ ಇರಬೇಕು, ಫಲಿತಾಂಶಕ್ಕೆ ಎರಡು ವರ್ಷ ಮಾನ್ಯತೆ. ಇಂಗ್ಲಿಷ್ ಎಂ.ಎ. ಆಗಿದ್ದರೂ ಬರೆಯಲೇಬೇಕು.

ಕಾಗದಪತ್ರದ ಓಡಾಟ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ದಾಖಲೆಗೆ ಒಂದೇ ಮುದ್ರೆ ಸಾಕು ಅನ್ನುವ ದೇಶಗಳ ಅಪೊಸ್ಟೀಲ್ ಒಪ್ಪಂದಕ್ಕೆ ಥಾಯ್ಲೆಂಡ್ ಸೇರಿರಲಿಲ್ಲ. ಆದ್ದರಿಂದ ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಥಾಯ್ ಕಚೇರಿಯ ಮುದ್ರೆ, ಹೀಗೆ ಸಾಲಾಗಿ ಆಗಬೇಕಿತ್ತು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆಗುತ್ತದೆ. ಕರ್ನಾಟಕದವರ ವೀಸಾ ಚೆನ್ನೈನ ಥಾಯ್ ಕಾನ್ಸುಲೇಟಿನ ವ್ಯಾಪ್ತಿ. ನಾನು ಹೊರಟ 2023ರಲ್ಲಿ ಪಾಸ್‌ಪೋರ್ಟನ್ನೇ ಕಳಿಸಬೇಕಿತ್ತು. 2025ರ ಜನವರಿಯಿಂದ ಇ-ವೀಸಾ ಬಂದಿದೆ, ಅರ್ಜಿ ಆನ್‌ಲೈನ್.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಲ್ಲಿನ ಶಾಲೆಗಳಿಗೆ ಟೀಚರುಗಳನ್ನು ಒದಗಿಸುವ, ನನ್ನನ್ನು ಕರೆಸಿಕೊಳ್ಳಬೇಕು ಅಂತಿದ್ದ ಒಂದು ಏಜೆನ್ಸಿ, "ಸುಮ್ನೆ ಟೂರಿಸ್ಟ್ ಆಗಿ ಬನ್ನಿ ಮೇಡಂ, ಬಂದ ಮೇಲೆ ಎಲ್ಲ ಮಾಡಿಸೋಣ" ಅಂದಿತ್ತು. ನಾನು ಒಪ್ಪಲಿಲ್ಲ. ಟೂರಿಸ್ಟ್ ಆಗಿ ಹೋಗಿ ತರಗತಿಯಲ್ಲಿ ನಿಂತರೆ ಅದು ಅಲ್ಲಿ ಅಪರಾಧ. ಮೇಲಿಂದ ಕೆಲಸದ ವೀಸಾ ಮಾಡಿಸಲು ಲಾವೋಸಿನ ವಿಯೆಂಟಿಯಾನ್‌ಗೋ ಸವನ್ನಖೇತ್‌ಗೋ ಹೋಗಿ ಬರಬೇಕಾಗಬಹುದು. ಬಸ್ಸು, ಹೋಟೆಲು, ವೀಸಾ ಶುಲ್ಕ ಎಲ್ಲ ನಮ್ಮ ಜೇಬಿನಿಂದ. ಕೆಲಸದವರ ವೀಸಾಗೆ ನಾನ್-ಇಮಿಗ್ರೆಂಟ್ ಬಿ ಅನ್ನುತ್ತಾರೆ. ಅದಕ್ಕೆ ಬೇಕಾದ ಶಾಲೆಯ ಕಾಗದಗಳನ್ನು ಮೊದಲೇ ಕಳಿಸಿಕೊಡುವ ಇನ್ನೊಂದು ಏಜೆನ್ಸಿ ಸಿಗುವವರೆಗೆ ಕಾದೆ. ಸಂಬಳ ಎರಡು ಸಾವಿರ ಬಾತ್ ಕಡಿಮೆ ಇತ್ತು. ಪರವಾಗಿಲ್ಲ ಅಂತ ಅದನ್ನೇ ಹಿಡಿದೆ.

ಹೊರಡುವಾಗ ಖರ್ಚಾದದ್ದು ಒಂದೂವರೆ ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಟಿಕೆಟ್ಟು, ದೃಢೀಕರಣ, ಪರೀಕ್ಷೆ, ವೀಸಾ. ಉಳಿದರ್ಧ ಕೈಯಲ್ಲಿ ಇಟ್ಟುಕೊಂಡು ಹೋದ ಹಣ. ಈ ಎರಡನೇ ಅರ್ಧವನ್ನು ತುಂಬ ಜನ ಮರೆಯುತ್ತಾರೆ. ಶಾಲೆ ಮೇ ಮಧ್ಯದಲ್ಲಿ ಶುರು, ಕೈಗೆ ಪೂರ್ತಿ ಸಂಬಳ ಬರುವುದು ಜೂನ್ ಕೊನೆಗೆ. ಅಷ್ಟರೊಳಗೆ ರೂಮಿಗೆ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ, ಹಾಸಿಗೆ ಹೊದಿಕೆ, ರೈಸ್ ಕುಕ್ಕರ್, ಶಾಲೆಗೆ ಹಾಕಲು ಬಟ್ಟೆ. ಬಟ್ಟೆ ಅಂದರೆ ನಮ್ಮ ಚೂಡಿದಾರ ಅಲ್ಲ. ಮಂಡಿ ದಾಟುವ ಸ್ಕರ್ಟು, ಕಾಲರ್ ಇರುವ ಅಂಗಿ, ಸೋಮವಾರಕ್ಕೆ ಹಳದಿ. ದೊರೆ ಹುಟ್ಟಿದ್ದು ಸೋಮವಾರ, ಅದಕ್ಕೆ ಆ ಬಣ್ಣ. ಈ ಒಂದೂವರೆ ಲಕ್ಷವನ್ನು ಚಿಕ್ಕಮ್ಮ ತಮ್ಮ ಸ್ತ್ರೀಶಕ್ತಿ ಸಂಘದಿಂದ ಒಂದಿಷ್ಟು, ತಮ್ಮ ಕೈಯಿಂದ ಒಂದಿಷ್ಟು ಸೇರಿಸಿ ಕೊಟ್ಟರು. "ಹೋಗ್ಬಾ ಮಗಾ, ನಿಧಾನಕ್ಕೆ ಕೊಡು" ಅಂದರು. ಆ ಮಾತು ಇಲ್ಲದಿದ್ದರೆ ನಾನು ಹೊರಡುತ್ತಿರಲಿಲ್ಲ.

ನನಗೆ ಸಿಕ್ಕ ಊರು ನಖೋನ್ ಸವನ್. ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 240 ಕಿಲೋಮೀಟರ್. ಪಿಂಗ್ ಮತ್ತು ನಾನ್ ನದಿಗಳು ಕೂಡಿ ಚಾವೊ ಫ್ರಾಯಾ ಆಗುವ ಜಾಗ. ಪಕ್ಕದಲ್ಲೇ ಬುಂಗ್ ಬೊರಫೆಟ್ ಅನ್ನುವ ದೊಡ್ಡ ಕೆರೆ, ಆ ದೇಶದ ಅತಿ ದೊಡ್ಡ ಸಿಹಿನೀರಿನ ಕೆರೆ ಅದು. ಪ್ರವಾಸಿಗಳು ಕಡಿಮೆ. ಉಳಿಸುವವರಿಗೆ ಇಂಥ ಊರೇ ಸರಿ. ಬ್ಯಾಂಕಾಕ್‌ನಲ್ಲಿ ಮೂರು ನಾಲ್ಕು ಸಾವಿರ ಬಾತ್ ಜಾಸ್ತಿ ಸಂಬಳ ಸಿಗುತ್ತದೆ, ಆದರೆ ಬಾಡಿಗೆ, ಓಡಾಟ ಅದನ್ನು ತಿಂದುಹಾಕುತ್ತವೆ. ಸಮುದ್ರದ ಕಡೆಯ ಊರುಗಳಲ್ಲಿ ಎಲ್ಲವೂ ಪ್ರವಾಸಿಗಳ ಬೆಲೆ.

ಈಗ ಆ ತಿಂಗಳುಗಳ ವಿಷಯ. ಥಾಯ್ ಶಾಲೆಗಳಲ್ಲಿ ವರ್ಷಕ್ಕೆ ಎರಡು ಅವಧಿ. ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರುವರೆಗೆ ಒಂದು, ನವೆಂಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಅಕ್ಟೋಬರ್ ರಜೆ, ಬೇಸಿಗೆ ರಜೆ. ಏಪ್ರಿಲ್ ಮಧ್ಯದಲ್ಲಿ ಸೊಂಗ್‌ಕ್ರಾನ್, ಅವರ ಹೊಸ ವರ್ಷ. ಏಜೆನ್ಸಿಗಳು ಪಾಠ ನಡೆಯುವ ಕಾಲಕ್ಕಷ್ಟೇ ಕಾಂಟ್ರಾಕ್ಟ್ ಬರೆಯುತ್ತವೆ. ನನ್ನದರಲ್ಲಿ ಅಕ್ಟೋಬರ್‌ಗೆ ಅರ್ಧ ಸಂಬಳ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಏನೂ ಇಲ್ಲ. ಎಲ್ಲ ಸೇರಿಸಿದರೆ ಒಂಬತ್ತೂವರೆ ತಿಂಗಳ ಸಂಬಳ. 23,000 ಬಾತ್‌ನಂತೆ 2,18,500. ಬಾಡಿಗೆಗೆ ಮಾತ್ರ ಹನ್ನೆರಡು ತಿಂಗಳು.

ಎರಡನೇ ವರ್ಷ ಅದೇ ಊರಿನ ಒಂದು ಖಾಸಗಿ ಶಾಲೆ ನೇರವಾಗಿ ತೆಗೆದುಕೊಂಡಿತು. ಸಂಬಳ 24,000. ಜಾಸ್ತಿ ಆದದ್ದು ಬರೀ ಒಂದು ಸಾವಿರ. ಆದರೆ ಕಾಂಟ್ರಾಕ್ಟ್ ಹನ್ನೆರಡು ತಿಂಗಳದ್ದು. ವರ್ಷಕ್ಕೆ 2,88,000. ಮೊದಲ ವರ್ಷಕ್ಕೂ ಇದಕ್ಕೂ ವ್ಯತ್ಯಾಸ 69,500 ಬಾತ್. ನಾನಿದ್ದ ಕಾಲದಲ್ಲಿ ಬಾತ್ ಎರಡೂಕಾಲು ರೂಪಾಯಿಯಿಂದ ಎರಡೂವರೆ ದಾಟುವವರೆಗೆ ಏರಿಳಿಯುತ್ತಿತ್ತು. ಎರಡು ರೂಪಾಯಿ ನಲವತ್ತು ಪೈಸೆ ಅಂತ ಹಿಡಿದರೂ ಒಂದು ಲಕ್ಷ ಅರವತ್ತಾರು ಸಾವಿರ ರೂಪಾಯಿ. ತುಮಕೂರಿನಲ್ಲಿ ನನ್ನ ಒಂಬತ್ತು ತಿಂಗಳ ಸಂಬಳಕ್ಕಿಂತ ಜಾಸ್ತಿ. ಇದೇ ಕಾರಣಕ್ಕೆ, ಯಾರಾದರೂ "25,000 ಬಾತ್ ಆಫರ್ ಬಂದಿದೆ ಅಕ್ಕ, 22,000ದ್ದು ಬಿಡ್ಲಾ?" ಅಂತ ಕೇಳಿದರೆ ನಾನು ಮೊದಲು ತಿಂಗಳು ಎಣಿಸಿ ಅನ್ನುತ್ತೇನೆ. 25,000ದಂತೆ ಹತ್ತು ತಿಂಗಳಿಗೆ ಎರಡೂವರೆ ಲಕ್ಷ. 22,000ದಂತೆ ಹನ್ನೆರಡು ತಿಂಗಳಿಗೆ 2,64,000. ಕಡಿಮೆ ಸಂಬಳದ್ದೇ ಹೆಚ್ಚು. ಜೊತೆಗೆ ಬೇಸಿಗೆಯಲ್ಲಿ ಮುಂದೇನು ಅನ್ನುವ ಚಿಂತೆಯೂ ಇಲ್ಲ.

ಕಾಂಟ್ರಾಕ್ಟ್ ಸಾಮಾನ್ಯವಾಗಿ ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಎರಡಕ್ಕೂ ವ್ಯತ್ಯಾಸ ಬಂದರೆ ಥಾಯ್ ಪ್ರತಿಯೇ ನಡೆಯುತ್ತದೆ ಅಂತ ಕೆಳಗೆ ಒಂದು ಸಾಲು ಇರುತ್ತದೆ. ನಾನು ಸಹಿ ಹಾಕುವ ಮೊದಲು ಮೊದಲ ಶಾಲೆಯ ಒಬ್ಬ ಥಾಯ್ ಟೀಚರ್ ಹತ್ತಿರ ಕೂತು ಥಾಯ್ ಪ್ರತಿಯನ್ನು ಸಾಲುಸಾಲಾಗಿ ಓದಿಸಿಕೊಂಡೆ. ಅವರು ವಯಸ್ಸಿನಲ್ಲಿ ದೊಡ್ಡವರು, ಪೀ ಅಂತ ಕರೆಯುತ್ತಿದ್ದೆ, ನಾವು ಅಕ್ಕ ಅನ್ನುವ ಹಾಗೆ. ಏಪ್ರಿಲ್ ಸಂಬಳದ ಸಾಲು ಎರಡೂ ಪ್ರತಿಯಲ್ಲಿ ಇದೆಯೇ, ವರ್ಕ್ ಪರ್ಮಿಟ್ ಶುಲ್ಕ ಯಾರು ಕಟ್ಟಬೇಕು, ಮಧ್ಯೆ ಬಿಟ್ಟರೆ ಎಷ್ಟು ಹಿಡಿಯುತ್ತಾರೆ, ತಡವಾಗಿ ಬಂದರೆ ಎಷ್ಟು ಕತ್ತರಿಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ರಾಷ್ಟ್ರಗೀತೆ, ಅದಕ್ಕೆ ಮೊದಲೇ ಹಾಜರಿಗೆ ಬೆರಳು ಒತ್ತಬೇಕು. ಕೆಲವು ಕಡೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ರೂಮಿನ ಬಾಡಿಗೆ 3,500 ಬಾತ್. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ. ಹೊಸಬರು ಕೇಳಲೇಬೇಕಾದದ್ದು ಕರೆಂಟಿನ ದರ. ಸರ್ಕಾರಿ ದರ ಯೂನಿಟ್‌ಗೆ ನಾಲ್ಕು ಬಾತ್ ಆಸುಪಾಸು. ಆದರೆ ಬಾಡಿಗೆ ಕಟ್ಟಡಗಳಲ್ಲಿ ಮಾಲೀಕರು ಏಳು, ಎಂಟು ಬಾತ್ ಹಾಕುತ್ತಾರೆ. ಅಗ್ಗದ ರೂಮು ಅಂತ ಹೋಗಿ ಎ.ಸಿ. ಹಾಕಿದರೆ ಬಿಲ್ಲು ಬಾಡಿಗೆಯ ಅರ್ಧಕ್ಕೆ ಬರುತ್ತದೆ. ನಾನು ಫ್ಯಾನ್ ರೂಮು ಹಿಡಿದೆ. ನಖೋನ್ ಸವನ್ ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿಗೆ ಹೋಗುವ ಊರು. ಆ ತಿಂಗಳು ನಾನು ಊರಿಗೆ ಬಂದುಬಿಡುತ್ತಿದ್ದೆ. ನೀರು, ಕರೆಂಟು ಸೇರಿ 900. ಫೋನು, ಇಂಟರ್‌ನೆಟ್ 350. ಮಾರ್ಕೆಟ್ಟಿಗೆ ಹೋಗಿಬರಲು, ಇತರ ಓಡಾಟಕ್ಕೆ ಸೊಂಗ್‌ತ್ಯಾವ್, ಅಂದರೆ ಹಿಂದೆ ಎರಡು ಬೆಂಚು ಹಾಕಿದ ಗಾಡಿ, ತಿಂಗಳಿಗೆ 500. ಊಟಕ್ಕೆ 4,500. ಮಿಕ್ಕ ಸಣ್ಣಪುಟ್ಟದ್ದಕ್ಕೆ 1,500. ಒಟ್ಟು 11,250.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ನಾನು ಸಸ್ಯಾಹಾರಿ. ಥಾಯ್ ಅಡುಗೆಯಲ್ಲಿ ಮೀನಿನ ಸಾಸು ಇಲ್ಲದ್ದು ಕಡಿಮೆ, ಸಾರಿನ ಖಾರದಲ್ಲೂ ಸಿಗಡಿ ಅರೆದಿರುತ್ತದೆ. ನನ್ನನ್ನು ಕಾಪಾಡಿದ್ದು ಜೇ ಊಟ. ಚೀನೀ ಮೂಲದ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಂಗಡಿ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ನಖೋನ್ ಸವನ್‌ನಲ್ಲಿ ಚೀನೀ ಮೂಲದವರು ತುಂಬ, ಹಾಗಾಗಿ ಜೇ ಅಂಗಡಿ ಹುಡುಕುವ ಕಷ್ಟ ಆಗಲಿಲ್ಲ. ಅನ್ನದ ಮೇಲೆ ಎರಡು ಪಲ್ಯ ಹಾಕಿ ನಲವತ್ತು ಬಾತ್. ಅಕ್ಟೋಬರ್ ಹೊತ್ತಿಗೆ ಬರುವ ಒಂಬತ್ತು ದಿನದ ಜೇ ಹಬ್ಬದಲ್ಲಂತೂ ಬೀದಿ ಪೂರ್ತಿ ನಮಗೇ.

ಉಳಿದ ದಿನ ರೂಮಿನಲ್ಲಿ ಅಡುಗೆ. ವಾರದ ಸಂತೆಯಲ್ಲಿ ಹೀರೇಕಾಯಿ, ಅಲಸಂದೆ, ಬದನೆ, ಕುಂಬಳ, ಹಲಸು ಎಲ್ಲ ಸಿಗುತ್ತವೆ. ಕೊತ್ತಂಬರಿಯನ್ನು ಬೇರಿನ ಸಮೇತ ಮಾರುತ್ತಾರೆ. ತೆಂಗಿನಕಾಯನ್ನು ನಮ್ಮ ಕಣ್ಣೆದುರೇ ಮೆಷಿನ್ನಿಗೆ ಕೊಟ್ಟು ತುರಿದುಕೊಡುತ್ತಾರೆ. ತಿಪಟೂರಿನವಳಿಗೆ ಅದೇ ದೊಡ್ಡ ಸಮಾಧಾನ. ಸಿಗದೇ ಇದ್ದದ್ದು ತೊಗರಿಬೇಳೆ, ಸಾರಿನ ಪುಡಿ, ರಾಗಿಹಿಟ್ಟು. ಬೇಳೆಯನ್ನು ಬ್ಯಾಂಕಾಕ್‌ಗೆ ಹೋದಾಗ ಪಾಹುರಾತ್‌ನ ಭಾರತೀಯ ಅಂಗಡಿಗಳಿಂದ ತರುತ್ತಿದ್ದೆ. ಪುಡಿ ಮತ್ತು ಹಿಟ್ಟು ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ. ಅಮ್ಮ ರಾತ್ರಿ ಫೋನ್ ಮಾಡಿ "ಏನ್ ಉಂಡೆ?" ಅಂದಾಗ ಮುದ್ದೆ ಅಂತ ಹೇಳಿದರೆ ಅವರಿಗೆ ನಿದ್ದೆ ಬರುತ್ತಿತ್ತು.

ಸಂಬಳದಿಂದ ಹಿಡಿಯುವುದು ಏಜೆನ್ಸಿಯಲ್ಲಿದ್ದಾಗ ಸಾಮಾಜಿಕ ಭದ್ರತೆಗೆ ತಿಂಗಳಿಗೆ 750 ಬಾತ್. ಸಂಬಳ ಎಷ್ಟೇ ಇದ್ದರೂ ಮೊದಲ 15,000ಕ್ಕೆ ಮಾತ್ರ ಶೇಕಡಾ 5 ಅಂತ ಆಗ ಮಿತಿ ಇತ್ತು. ಅದನ್ನು ಬರೀ ಕಡಿತ ಅಂತ ನೋಡಬಾರದು. ನೋಂದಾಯಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ, ಹಲ್ಲಿಗೆ ವರ್ಷಕ್ಕೆ 900 ಬಾತ್‌ವರೆಗೆ ಅವರೇ ಕೊಡುತ್ತಾರೆ. ನಾನು ಹಲ್ಲು ಶುಚಿ ಮಾಡಿಸಿದ್ದು, ತುಂಬಿಸಿದ್ದು ಎಲ್ಲ ಅದರಲ್ಲೇ. ಖಾಸಗಿ ಶಾಲೆಗೆ ಹೋದ ಮೇಲೆ ಬೇರೆ ನಿಧಿ, ಸಂಬಳದ ಶೇಕಡಾ 3. ನನ್ನ ಲೆಕ್ಕಕ್ಕೆ 720 ಬಾತ್. ಇಷ್ಟೆಲ್ಲ ಕಳೆದ ಮೇಲೆ ತಿಂಗಳಿಗೆ ಕೈಯಲ್ಲಿ ನಿಂತದ್ದು 12,000 ಬಾತ್. ರೂಪಾಯಿ ಲೆಕ್ಕದಲ್ಲಿ ಇಪ್ಪತ್ತೆಂಟು ಸಾವಿರದ ಮೇಲೆ.

ಆದಾಯ ತೆರಿಗೆಗೆ ಹೆದರುವ ಕಾರಣ ಇಲ್ಲ. ಸಂಬಳದಿಂದ ಖರ್ಚಿನ ಬಾಬ್ತು 1,00,000, ಸ್ವಂತಕ್ಕೆ 60,000 ಕಳೆಯುತ್ತಾರೆ. ಉಳಿದದ್ದರಲ್ಲಿ ಮೊದಲ 1,50,000 ಬಾತ್‌ಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇಕಡಾ 5ರಿಂದ ಶುರು. 2,88,000ದಲ್ಲಿ 1,60,000 ಕಳೆದರೆ 1,28,000. ಅಂದರೆ ಸೊನ್ನೆ. ಮೊದಲ ವರ್ಷದ ಏಜೆನ್ಸಿ ಪ್ರತಿ ತಿಂಗಳೂ ಶೇಕಡಾ 3 ತೆರಿಗೆ ಅಂತ ಹಿಡಿದಿತ್ತು. ಮಾರ್ಚ್ ಒಳಗೆ ತೆರಿಗೆ ಕಚೇರಿಗೆ ಹೋಗಿ ರಿಟರ್ನ್ ಹಾಕಿ ಅದನ್ನು ವಾಪಸ್ ತೆಗೆದುಕೊಂಡೆ. ಕೌಂಟರಿನಲ್ಲಿದ್ದವರೇ ಕೂರಿಸಿಕೊಂಡು ಫಾರಂ ತುಂಬಿಕೊಟ್ಟರು. ಅದನ್ನು ಕೇಳಲು ಹೋಗದ ಸಹೋದ್ಯೋಗಿಗಳು ಎಷ್ಟೋ ಜನ. ತಮ್ಮದೇ ದುಡ್ಡು, ಅಲ್ವಾ?

ಸಂಬಳದ ಮೇಲಿನ ಗಳಿಕೆ ಬಂದದ್ದು ಶಾಲೆಯ ಒಳಗಿಂದಲೇ. ಥಾಯ್ ಪೋಷಕರು ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಒಂದು ಗಂಟೆ ವಿಶೇಷ ತರಗತಿಗೆ ಕೂರಿಸುತ್ತಾರೆ. ಅದಕ್ಕೆ ಗಂಟೆಗೆ 250 ಬಾತ್ ಕೊಡುತ್ತಿದ್ದರು. ವಾರಕ್ಕೆ ಆರು ಗಂಟೆ ತೆಗೆದುಕೊಂಡರೆ ತಿಂಗಳಿಗೆ 6,000. ಬೇಸಿಗೆ ಶಿಬಿರ ನಡೆಸಿದರೆ ಬೇರೆ. ಮನೆಗಳಿಗೆ ಹೋಗಿ ಟ್ಯೂಷನ್ ಹೇಳಿದರೆ ಗಂಟೆಗೆ ಇನ್ನೂ ಜಾಸ್ತಿ ಸಿಗುತ್ತದೆ. ತುಂಬ ಜನ ಮಾಡುತ್ತಾರೆ, ನಾನು ಮಾಡಲಿಲ್ಲ. ವರ್ಕ್ ಪರ್ಮಿಟ್ ಇರುವುದು ಆ ಶಾಲೆಯ ಕೆಲಸಕ್ಕೆ. ಹೊರಗಿನ ಕೆಲಸ ಹಿಡಿದರೆ ದಂಡ, ಗಡಿಪಾರು ತನಕ ಹೋಗಬಹುದು. ಗಂಟೆಗೆ ನೂರು ಬಾತ್ ಜಾಸ್ತಿಗೆ ವರ್ಷದ ಸಂಬಳವನ್ನು ಪಣಕ್ಕಿಡುವುದು ನನಗೆ ಸರಿ ಕಾಣಲಿಲ್ಲ. ಆರು ಗಂಟೆಗಿಂತ ಜಾಸ್ತಿ ವಿಶೇಷ ತರಗತಿಯನ್ನೂ ಒಪ್ಪಲಿಲ್ಲ. ನಲವತ್ತು ಮಕ್ಕಳ ತರಗತಿಗಳನ್ನು ವಾರಕ್ಕೆ ಇಪ್ಪತ್ತು ಪೀರಿಯಡ್ ಮಾಡಿದ ಮೇಲೆ ಗಂಟಲು ಉಳಿಯಬೇಕು. ಮುಂದಿನ ವರ್ಷ ಕಾಂಟ್ರಾಕ್ಟ್ ಸಿಗುವುದು ಬೆಳಗಿನ ಪಾಠ ಚೆನ್ನಾಗಿದ್ದರೆ ಮಾತ್ರ.

ಉಳಿಸುವ ಶಿಸ್ತು ಕಲಿತದ್ದು ಫಿಲಿಪೀನ್ಸ್ ಸಹೋದ್ಯೋಗಿಗಳಿಂದ. ಅವರಲ್ಲಿ ಪಲುವಾಗನ್ ಅಂತ ಒಂದು ಪದ್ಧತಿ ಇದೆ. ನಮ್ಮ ಚೀಟಿಯ ಥರವೇ, ಆದರೆ ಕೂಗುವುದಿಲ್ಲ, ಯಾರೂ ಕಡಿಮೆಗೆ ಎತ್ತುವುದಿಲ್ಲ. ಹತ್ತು ಜನ ತಿಂಗಳಿಗೆ ಎರಡೆರಡು ಸಾವಿರ ಬಾತ್ ಹಾಕುತ್ತಾರೆ, ಪ್ರತಿ ತಿಂಗಳು ಒಬ್ಬರಿಗೆ ಪೂರ್ತಿ ಇಪ್ಪತ್ತು ಸಾವಿರ. ಸರದಿಯನ್ನು ಮೊದಲೇ ಮಾತಾಡಿಕೊಳ್ಳುತ್ತಾರೆ. ಮಗುವಿನ ಫೀಸು ಇರುವವರಿಗೆ ಜೂನ್, ನನಗೆ ಟಿಕೆಟ್ಟಿಗೆ ಮಾರ್ಚ್. ಎಲ್ಲರೂ ಒಂದೇ ಸ್ಟಾಫ್ ರೂಮಿನವರು, ಅದಕ್ಕೇ ಸೇರಿದೆ. ಊರಿನವರು, ಗುರುತಿಲ್ಲದವರು ನಡೆಸುವ ಅಲ್ಲಿನ ಚೀಟಿಗಳಿಗೆ ಸೇರಲಿಲ್ಲ. ಮುಳುಗಿಸಿ ಓಡಿಹೋದವರ ಸುದ್ದಿ ಅಲ್ಲೂ ಕಡಿಮೆ ಇಲ್ಲ. ಆ ಫಿಲಿಪೀನ್ಸ್ ಹೆಂಗಸರು ಮನೆಯಲ್ಲಿ ಸಣ್ಣ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬಂದವರು. ಸಂಬಳದ ದಿನ ಊರಿಗೆ ಕಳಿಸುವುದನ್ನು ಕಳಿಸಿ, ಪಲುವಾಗನ್ ಹಾಕಿ, ಆಮೇಲೆ ಅಕ್ಕಿ ತರುತ್ತಿದ್ದರು. ನಾನೂ ಹಾಗೇ ಮಾಡತೊಡಗಿದೆ. ತಿಂಗಳ ಕೊನೆಗೆ ಉಳಿದದ್ದನ್ನು ಎತ್ತಿಡೋಣ ಅಂದರೆ ಏನೂ ಉಳಿಯುವುದಿಲ್ಲ.

ದುಡ್ಡು ಊರಿಗೆ ಕಳಿಸುವುದಕ್ಕೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋದರೆ ಆ ತುದಿ ಈ ತುದಿ ಎರಡೂ ಕಡೆ ಶುಲ್ಕ. ಡೀಮನಿ ಥರದ ಥಾಯ್ ಆ್ಯಪ್‌ಗಳಿಂದ ಭಾರತದ ಖಾತೆಗೆ ನೇರವಾಗಿ ಹೋಗುತ್ತದೆ, ಖರ್ಚು ಕಡಿಮೆ. ಪ್ರತಿ ಸಲಕ್ಕೆ ಶುಲ್ಕ ಇರುವುದರಿಂದ ಪ್ರತಿ ತಿಂಗಳು ಕಳಿಸದೆ ಎರಡು ಮೂರು ತಿಂಗಳದ್ದು ಸೇರಿಸಿ ಕಳಿಸುತ್ತಿದ್ದೆ. ಊರಿನ ಬ್ಯಾಂಕಿನಲ್ಲೂ ಒಂದು ಕೆಲಸ ಇದೆ. ಕೆಲಸಕ್ಕೆ ಹೊರದೇಶಕ್ಕೆ ಹೋದವರು ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್.ಆರ್.ಓ. (ಹೊರದೇಶದಲ್ಲಿರುವವರು ಊರಿನ ಹಣಕ್ಕೆ ಇಡುವ ಖಾತೆ) ಮಾಡಿಸಬೇಕು, ಹೊರಗಿಂದ ಬರುವ ಹಣಕ್ಕೆ ಎನ್.ಆರ್.ಇ. ಖಾತೆ ತೆಗೆಯಬೇಕು. ಎನ್.ಆರ್.ಇ. ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ತಾಲ್ಲೂಕು ಬ್ರ್ಯಾಂಚಿನಲ್ಲಿ ಇದನ್ನು ಮಾಡಿಸಲು ತಾಳ್ಮೆ ಬೇಕು, ಆದರೆ ಮಾಡಿಸಿ.

ಹಣ ಸೋರುವ ತೂತುಗಳು ಹೆಚ್ಚಿನವು ಇಮಿಗ್ರೇಷನ್ ಕಚೇರಿಯಲ್ಲೇ ಇವೆ. ವೀಸಾ ವಿಸ್ತರಣೆಗೆ 1,900 ಬಾತ್. ತೊಂಬತ್ತು ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು, ಅದಕ್ಕೆ ಶುಲ್ಕ ಇಲ್ಲ, ಆದರೆ ತಡವಾದರೆ 2,000 ದಂಡ. ದೇಶ ಬಿಟ್ಟು ಹೋಗುವ ಮೊದಲು ರೀ-ಎಂಟ್ರಿ ಪರ್ಮಿಟ್, 1,000 ಬಾತ್. ಅದನ್ನು ತೆಗೆದುಕೊಳ್ಳದೆ ವಿಮಾನ ಹತ್ತಿದರೆ ವೀಸಾ ಅಲ್ಲಿಗೇ ರದ್ದು, ಎಲ್ಲ ಮೊದಲಿಂದ. ನಾನು ಈ ತಾರೀಖುಗಳನ್ನೆಲ್ಲ ಅಡುಗೆ ಮೂಲೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡುತ್ತಿದ್ದೆ.

ಮೊದಲ ವರ್ಷ ಉಳಿದ ಹಣ ಸುಮಾರು ಎಪ್ಪತ್ತೈದು ಸಾವಿರ ಬಾತ್. ಚಿಕ್ಕಮ್ಮನ ಒಂದೂವರೆ ಲಕ್ಷ ರೂಪಾಯಿ ವಾಪಸ್ ಕೊಟ್ಟ ಮೇಲೆ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಆ ವರ್ಷವನ್ನು ದಾರಿಯ ಖರ್ಚು ಅಂತ ಮೊದಲೇ ಅಂದುಕೊಂಡಿದ್ದೆ, ಹಾಗಾಗಿ ಬೇಜಾರಾಗಲಿಲ್ಲ. ಬರೀ ಒಂದು ವರ್ಷಕ್ಕೆ ಅಂತ ಹೋಗುವವರಿಗೆ ನಾನು ಇದನ್ನೇ ಹೇಳುವುದು. ನಮ್ಮ ಸಂಬಳದವರಿಗೆ ಮೊದಲ ವರ್ಷ ಸರಿದೂಗುತ್ತದೆ, ಎರಡನೆಯದರಲ್ಲಿ ಉಳಿಯುತ್ತದೆ. ಎರಡನೇ ವರ್ಷ ತಿಂಗಳಿನ 12,000, ವಿಶೇಷ ತರಗತಿ, ಬೇಸಿಗೆ ಶಿಬಿರ ಎಲ್ಲ ಸೇರಿ, ಟಿಕೆಟ್ಟು ಮತ್ತು ವೀಸಾ ಖರ್ಚು ಕಳೆದು, ಒಂದು ಲಕ್ಷ ಎಪ್ಪತ್ತು ಸಾವಿರ ಬಾತ್ ನಿಂತಿತು. ಸಂಬಳದ ಮೇಲಿನ ಗಳಿಕೆಯಿಂದ ಈ ಸಲ ತೆರಿಗೆ ಕಟ್ಟಬೇಕಾಯಿತು, ಎರಡು ಸಾವಿರ ಬಾತ್ ಒಳಗೇ. ರೂಪಾಯಿಯಲ್ಲಿ ನಾಲ್ಕು ಲಕ್ಷ ದಾಟಿತು. 2025ರ ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಅಪ್ಪನ ಜೊತೆ ಹೋಗಿ ಸೊಸೈಟಿ ಸಾಲ ತೀರಿಸಿದೆ, ಒಡವೆ ಬಿಡಿಸಿಕೊಂಡು ಬಂದೆವು. ಅಪ್ಪ ದಾರಿಯುದ್ದಕ್ಕೂ ಮಾತಾಡಿದ್ದು ಹೊಸ ಸಸಿ ಎಲ್ಲಿ ನೆಡುವುದು ಅನ್ನುವುದರ ಬಗ್ಗೆ.

ಮತ್ತೆ ಹೋಗಿದ್ದೇನೆ. ಈಗ 26,500 ಬಾತ್, ಹನ್ನೆರಡು ತಿಂಗಳು, ಏಪ್ರಿಲ್ ಸಂಬಳದ ಸಾಲು ಎರಡೂ ಭಾಷೆಯಲ್ಲಿ. ಈ ಕಾಂಟ್ರಾಕ್ಟ್ ಮುಗಿದ ಮೇಲೆ ವಾಪಸ್ ಬರುವ ಯೋಚನೆ ಇದೆ. ಹೊರಡುವ ರೀತಿಯಲ್ಲೂ ದುಡ್ಡಿನ ಲೆಕ್ಕ ಇದೆ. ಕೆಲಸ ಬಿಟ್ಟ ದಿನವೇ ವೀಸಾ ವಿಸ್ತರಣೆಯೂ ಮುಗಿಯುತ್ತದೆ. ಸಾಮಾನು ಮಾರಲು, ಡಿಪಾಸಿಟ್ ವಾಪಸ್ ಪಡೆಯಲು ನಾಲ್ಕು ದಿನ ಬೇಕು ಅಂದರೆ ಇಮಿಗ್ರೇಷನ್‌ಗೆ ಇನ್ನೊಂದು 1,900 ಕಟ್ಟಿ ಏಳು ದಿನ ಕೇಳಬೇಕು. ಆದ್ದರಿಂದ ರೂಮನ್ನು ಮೊದಲೇ ಬಿಟ್ಟು, ಮಾಲೀಕರಿಂದ ಡಿಪಾಸಿಟ್ ಕೈಗೆ ಬಂದ ಮೇಲೆ ಟಿಕೆಟ್ ತಾರೀಖು ಹಾಕುವುದು ಒಳ್ಳೆಯದು. ಶಾಲೆಯಿಂದ ತೆರಿಗೆ ಹಿಡಿದ ಪ್ರಮಾಣಪತ್ರ ಮತ್ತು ಅನುಭವ ಪತ್ರ ಎರಡನ್ನೂ ಕೊನೆಯ ವಾರಕ್ಕೆ ಬಿಡದೆ ಫೆಬ್ರುವರಿಯಲ್ಲೇ ಕೇಳಿಡಿ. ಮಾರ್ಚ್‌ನಲ್ಲಿ ಕಚೇರಿಯವರು ಹೊಸ ಮಕ್ಕಳ ದಾಖಲಾತಿಯಲ್ಲಿ ಮುಳುಗಿರುತ್ತಾರೆ. ಅನುಭವ ಪತ್ರ ಇಂಗ್ಲಿಷಿನಲ್ಲೂ ಇರಲಿ. ನಮ್ಮ ಕಡೆಯ ಶಾಲೆಗಳಲ್ಲಿ ಥಾಯ್ ಅಕ್ಷರ ಓದುವವರು ಯಾರೂ ಇಲ್ಲ.